ಕೊಕ್ಕರಗಡ್ಡೆಗೆ ಬೆನ್ನು ಮಾಡಿದ ಶೆಟ್ಟೆವ್ವ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಶೆಟ್ಟೆವ್ವ ಹರಗೋಲನ್ನು ಕವುಚಿ ತಲೆಯ ಮೇಲೆ ಹೊತ್ತುಕೊಂಡು ಕೃಷ್ಣೆಯ ದಂಡೆಯಿಂದ ಇಳಿದು ಬರುತ್ತಿದ್ದಾಳೆ. ದೂರದಿಂದ ನೋಡಿದರೆ ದೊಡ್ಡ ಬುಟ್ಟಿಯೊಂದಕ್ಕೆ ಕಾಲು ಬಂದಂತೆ ಕಾಣುತ್ತದೆ. ನೀರಿನ ಅಂಚಿಗೆ ಬಂದು ಅದನ್ನು ಇಳಿಸುತ್ತಾಳೆ, ಎಮ್ಮೆಯ ತೊಗಲಿನ ಮೇಲೆ ಅಂಗೈ ಆಡಿಸಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾಳೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹರಳುಪ್ಪು ತೆಗೆಯುತ್ತಾಳೆ. ಹೊಳೆಯ ನಡುವೆ ಮಂಜಿನಲ್ಲಿ ಅರೆಬರೆ ಕಾಣುವ ನಡುಗಡ್ಡೆಯ ಕಡೆಗೆ ಮುಖ ತಿರುಗಿಸದೆ, ಬರೀ ಕೈ ಚಾಚಿ, ಮೂರು ಸಲ ನಿವಾಳಿಸಿ ಉಪ್ಪನ್ನು ನೀರಿಗೆ ಎಸೆಯುತ್ತಾಳೆ.

ಯಾರ ದೃಷ್ಟಿ ತೆಗೆದದ್ದು ಎಂದು ಕೇಳುತ್ತೇನೆ.

"ನಂದ್ರಿ," ಅನ್ನುತ್ತಾಳೆ. "ನನ್ನ ಕಣ್ಣ ಆ ಹಕ್ಕಿಗೋಳಿಗೆ ತಾಗಬಾರದಂತ. ನನಗ ಭಾಳ ಹೊಟ್ಟಿಕಿಚ್ಚ ಐತ್ರಿ."

ಈ ಪುರವಣಿಗಾಗಿ ನಾನು ಎಷ್ಟೋ ಜನರನ್ನು ಮಾತಾಡಿಸಿದ್ದೇನೆ. ಇಂಡಿಯಲ್ಲಿ ನಿಂಬೆ ಗಿಡಗಳ ಮುಳ್ಳಿನ ನಡುವೆ ಜೀವ ಸವೆಸಿದ ಮುದುಕ, ಸಿಂದಗಿಯಲ್ಲಿ ಎತ್ತಿನ ಕಾಲಿಗೆ ಲಾಳ ಬಡಿಯುವವನು, ಬಸವನ ಬಾಗೇವಾಡಿಯ ಸಂತೆಯಲ್ಲಿ ಹಗ್ಗ ಹೊಸೆಯುವ ಗಂಡ ಹೆಂಡತಿ. ದೇವರು ಇಟ್ಟಂಗೆ ಇದ್ದೇವೆ, ಯಾರ ಮೇಲೂ ಸಿಟ್ಟಿಲ್ಲ, ಯಾರದೂ ನಮಗೆ ಬೇಡ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದಾರೆ. ನಾನೂ ನಿಷ್ಠೆಯಿಂದ ಹಾಗೆಯೇ ಬರೆದು ಕಳಿಸಿದ್ದೇನೆ. ಹೊಟ್ಟೆಕಿಚ್ಚಿದೆ ಎಂದು ಮೊದಲ ಮಾತಿಗೇ ಹೇಳಿದವಳು ಇವಳೊಬ್ಬಳು. ಕೇಳಿ ನನಗೆ ಹಾಯೆನಿಸಿತು. ಯಾಕೆಂದರೆ ನಾನೂ ಹೊಟ್ಟೆ ಉರಿಸಿಕೊಂಡೇ ಮುದ್ದೇಬಿಹಾಳದ ಬಸ್ಸು ಹತ್ತಿದವನು.

ನನ್ನ ಉರಿಯ ಕತೆ ಚಿಕ್ಕದು, ಹೇಳಿ ಮುಗಿಸಿಬಿಡುತ್ತೇನೆ. ನಮ್ಮ ಕಚೇರಿಯಲ್ಲೇ ಕೆಲಸ ಮಾಡುವ ಮಹನೀಯರೊಬ್ಬರನ್ನು ಹೋದ ತಿಂಗಳು ಅಂಡಮಾನಿಗೆ ಕಳಿಸಿದರು. ಹಡಗಿನಲ್ಲಿ ಹೋದರು, ವಿಮಾನದಲ್ಲಿ ಬಂದರು, ಹವಳ, ತೆಂಗು, ನೀಲಿ ನೀರು ಎಂದು ಭಾನುವಾರದ ಮೊದಲ ಪುಟವನ್ನೇ ತಿಂದರು. ನನಗೂ ಒಮ್ಮೆ ದ್ವೀಪ ತೋರಿಸಿ ಎಂದು ಸಂಪಾದಕರ ಮುಂದೆ ಬಾಯಿ ಬಿಟ್ಟೆ. ನಿಮ್ಮ ಬಿಜಾಪುರ ಜಿಲ್ಲೆಯಲ್ಲೇ ಒಂದಿದೆಯಂತಲ್ಲ, ಅದನ್ನು ನೋಡಿ ಬನ್ನಿ ಎಂದು ಅವರು ಕನ್ನಡಕ ಒರೆಸಿಕೊಂಡರು. ಎದುರಿಗೆ ಕೂತಿದ್ದ ಅಂಡಮಾನಿನವರು ನಕ್ಕರು. ಆ ನಗು ನಾಲತವಾಡದ ತನಕ ನನ್ನ ಕಿವಿಯಲ್ಲೇ ಇತ್ತು.

ದ್ವೀಪ ಇರುವುದು ನಿಜ. ನಾಲತವಾಡದಿಂದ ಟಾಂಗಾದಲ್ಲಿ ಎಲುಬು ಸಡಿಲ ಮಾಡಿಕೊಂಡು ಹೋದರೆ ಹೊಳೆದಂಡೆಯಲ್ಲಿ ಹಿರೇಮಡು ಎಂಬ ಸಣ್ಣ ಊರು. ಊರ ಮುಂದೆ ಕೃಷ್ಣೆ ಎರಡಾಗಿ ಸೀಳಿ ಮತ್ತೆ ಒಂದಾಗುವ ನಡುವೆ ಉದ್ದಕ್ಕೆ ಮಲಗಿದೆ ಕೊಕ್ಕರಗಡ್ಡೆ. ಜಾಲಿಯ ಮರಗಳು, ಜೊಂಡು, ಬಾಲದ ಕಡೆಗೆ ಬಿಳಿ ಉಸುಕು. ಚಳಿಗಾಲ ಬಂತೆಂದರೆ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳೆಲ್ಲ ಎಲ್ಲೆಲ್ಲಿಂದಲೋ ಬಂದು ಇಲ್ಲಿ ಗೂಡು ಕಟ್ಟುತ್ತವೆ. ಎಪ್ಪತ್ತನಾಲ್ಕರಲ್ಲಿ ಅರಣ್ಯ ಇಲಾಖೆಯವರು ಇದನ್ನು ರಕ್ಷಿತ ಗಡ್ಡೆ ಎಂದು ಸಾರಿ ಬೋರ್ಡು ನೆಟ್ಟರು. ಮೊದಲೇ ಪಾಸು ಪಡೆದವರು ಮಾತ್ರ ಕಾಲಿಡಬೇಕು, ಅದೂ ಮುಂಜಾನೆ ಸ್ವಲ್ಪ ಹೊತ್ತು. ನನ್ನ ಹತ್ತಿರ ಇಬ್ಬರ ಪಾಸಿದೆ. ಒಬ್ಬ ನಾನು, ಇನ್ನೊಬ್ಬ ಫೋಟೋ ತೆಗೆಯಲೆಂದು ಬಿಜಾಪುರದ ಸ್ಟುಡಿಯೋದಿಂದ ಬಂದಿರುವ ಬಾಬುಲಾಲ.

ಬಾಬುಲಾಲ ಹಕ್ಕಿಗಳ ಸಲುವಾಗಿ ಯಾರಿಂದಲೋ ಮೊಳದುದ್ದದ ಲೆನ್ಸು ಕಡ ತಂದಿದ್ದಾನೆ. ಆದರೆ ಹರಗೋಲನ್ನು ಕಂಡೊಡನೆ ಅವನ ಮುಖ ಸಪ್ಪಗಾಗಿದೆ. ಬಿದಿರಿನ ಬುಟ್ಟಿ, ಮೇಲೊಂದು ತೊಗಲು, ಇಷ್ಟೇನಾ ಎಂದು ಸುತ್ತು ಹೊಡೆದು ನೋಡುತ್ತಾನೆ. ಜೀವಂತ ಎಮ್ಮೆಯ ಬೆನ್ನಿನ ಮೇಲಾದರೂ ಹೊಳೆ ದಾಟುತ್ತೇನೆ, ಸತ್ತ ಎಮ್ಮೆಯೊಳಗೆ ಕೂತು ದಾಟುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ದಂಡೆಯ ಬಂಡೆಯ ಮೇಲೆ ಕೂತುಬಿಡುತ್ತಾನೆ. ನಾನು ಬೈದೆ, ರಮಿಸಿದೆ, ಆಗಲಿಲ್ಲ. ನನ್ನ ಹಣೆಬರಹಕ್ಕೆ ದ್ವೀಪ ಸಿಕ್ಕರೆ ಫೋಟೋ ಇಲ್ಲ.

ಅಷ್ಟರಲ್ಲಿ ರೊಟ್ಟಿಯ ಗಂಟು ಹಿಡಿದು ಇನ್ನೊಬ್ಬ ಹೆಂಗಸು ಬಂದಳು. ಮರೆವ್ವ, ಶೆಟ್ಟೆವ್ವನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ಗಂಡಂದಿರಿಬ್ಬರೂ ಕೆಳಗೆ ನಾರಾಯಣಪುರದ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದಾರೆ, ಅಮಾವಾಸ್ಯೆಗೊಮ್ಮೆ ಬರುತ್ತಾರೆ. ಮರೆವ್ವನಿಗೆ ಕೆಲಸ ಗಡ್ಡೆಯ ಮೇಲೆ. ಹಾದಿ ಗುಡಿಸುವುದು, ಕಾವಲುಗಾರನಿಗೆ ನೀರು ತುಂಬಿಡುವುದು, ಗೂಡಿನಿಂದ ಜಾರಿದ ಮರಿಗಳನ್ನು ಎತ್ತಿ ಜೋಪಾನ ಮಾಡುವುದು. ಶೆಟ್ಟೆವ್ವನ ಕೆಲಸ ಹರಗೋಲು. ದಿನಾ ಬೆಳಗಾದರೆ ಮರೆವ್ವನನ್ನು ಗಡ್ಡೆಗೆ ಇಳಿಸಿ ಬರಬೇಕು, ನಡುವೆ ಪಾಸಿನವರು ಬಂದರೆ ಅವರನ್ನು, ವಾರಕ್ಕೊಮ್ಮೆ ಕಾವಲುಗಾರನ ಸಂತೆಯ ಸಾಮಾನನ್ನು, ಸಂಜೆ ಮತ್ತೆ ಮರೆವ್ವನನ್ನು. ಆದರೆ ಶೆಟ್ಟೆವ್ವ ಮಾತ್ರ ಗಡ್ಡೆಗೆ ಇಳಿಯುವಂತಿಲ್ಲ. ಹಿಂದೆ ಮೊಟ್ಟೆ, ಮರಿ ಕದಿಯುವವರು ಹರಗೋಲಿನಲ್ಲೇ ಬರುತ್ತಿದ್ದರಂತೆ. ಅದಕ್ಕೇ ಹರಗೋಲು ಗಡ್ಡೆಯ ದಂಡೆಗೆ ತಾಗಬಾರದು, ಹುಟ್ಟು ಹಾಕುವವರು ಕೆಳಗಿಳಿಯಬಾರದು ಎಂಬ ಕಾಯಿದೆ. ಬಂದವರು ಮೊಣಕಾಲು ನೀರಿನಲ್ಲಿ ಇಳಿದು ನಡೆದು ಹೋಗಬೇಕು.

ಮೂರು ವರ್ಷದಿಂದ ದಿನಾ ಗಡ್ಡೆಯ ಮುಂಬಾಗಿಲ ತನಕ ಹೋಗಿ ತಿರುಗಿ ಬರುವ ಕೆಲಸ. ನನಗೆ ಅಂಡಮಾನಿಗೆ ಹೋದವರ ಬ್ಯಾಗು ಹೊತ್ತು ಮದರಾಸಿನ ಬಂದರಿನವರೆಗೆ ಬಿಟ್ಟು ಬಾ ಎಂದಿದ್ದರೆ ಒಂದು ದಿನವೂ ತಾಳುತ್ತಿರಲಿಲ್ಲ.

ಅದರಲ್ಲೂ ಆ ಗಡ್ಡೆ ಶೆಟ್ಟೆವ್ವನಿಗೆ ಬೇರೆಯವರದಲ್ಲ. ಇಲಾಖೆ ಬರುವ ಮೊದಲು ಗಡ್ಡೆಯ ಬಾಲದ ಉಸುಕಿನಲ್ಲಿ ಇವರ ಮನೆಯವರು ಕಲ್ಲಂಗಡಿ, ಸೌತೆ ಹಾಕುತ್ತಿದ್ದರು. ಮದುವೆಯಾಗಿ ಬಂದ ವರ್ಷ ಆಕೆ ಗಂಡ ಹಣಮಂತ್ರಾಯನ ಜೊತೆ ಒಲೆ ಹೂಡಿದ್ದೇ ಅಲ್ಲಿ, ಜೊಂಡಿನ ಗುಡಿಸಲಿನಲ್ಲಿ. ಹುಟ್ಟು ಹಾಕುವುದನ್ನು ಮಾವನಿಂದ ಕಲಿತದ್ದೂ ಅಲ್ಲೇ. ಆಗ ಕೊಕ್ಕರೆಗಳನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲವಂತೆ. ಬೇಯುವ ಸಾರಿನಲ್ಲಿ ಹಿಕ್ಕೆ ಹಾಕುತ್ತವೆ ಎಂದು ಹೆಂಟೆ ಎಸೆದು ಓಡಿಸುತ್ತಿದ್ದಳು. ಈಗ ಅದೇ ಹಕ್ಕಿಗಳನ್ನು ನೋಡಲು ದುರ್ಬೀನು ಕೊರಳಿಗೆ ಹಾಕಿಕೊಂಡ ಜನ ಜೀಪಿನಲ್ಲಿ ಬರುತ್ತಾರೆ. ನೋಡಿ ಬಂದು ಹರಗೋಲಿನಲ್ಲಿ ಕೂತು, ಆಹಾ ಎಂಥ ಚೆಂದ ಎಂದು ಅವಳ ಎದುರಿಗೇ ಬಾಯಿ ಚಪ್ಪರಿಸುತ್ತಾರೆ. ಅಷ್ಟು ಚೆಂದದ್ದು ಅಲ್ಲಿ ಏನಿತ್ತು, ನಾನು ಯಾಕೆ ನೋಡಲಿಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತದೆ.

ಇಷ್ಟಕ್ಕೂ ಗಡ್ಡೆಯ ಕೆಲಸ ಮರೆವ್ವನಿಗೆ ಹೋದದ್ದು ಶೆಟ್ಟೆವ್ವನ ಜಂಬದಿಂದಲೇ. ಕಲ್ಲಂಗಡಿಯ ಮಡಿ ಕಳೆದುಕೊಂಡ ಮನೆಯಿಂದ ಇಬ್ಬರಿಗೆ ಕೆಲಸ ಕೊಡಲು ಇಲಾಖೆಯ ಸಾಹೇಬರು ಬಂದಿದ್ದರು. ಊರ ಚಾವಡಿಯಲ್ಲಿ ನೆಗೆಣ್ಣಿಯರಿಬ್ಬರನ್ನೂ ನಿಲ್ಲಿಸಿ ಹರಗೋಲು ಯಾರಿಗೆ ಬರುತ್ತದೆ ಎಂದು ಕೇಳಿದರು. ಕೇಳಿದ್ದೇ ತಡ, ಶೆಟ್ಟೆವ್ವ ಮುಂದೆ ಬಂದಳು. ಹೊಳೆ ತುಂಬಿದಾಗ ಸೂಲಗಿತ್ತಿಯನ್ನು ದಾಟಿಸಿದ್ದು, ಮದುವೆಯ ದಿಬ್ಬಣವನ್ನು ಒಂದು ಸೆರಗೂ ಒದ್ದೆಯಾಗದಂತೆ ತಂದದ್ದು, ಊರ ಗಂಡಸರೇ ತನ್ನ ಕೈಗೆ ಹುಟ್ಟು ಕೊಟ್ಟು ಸುಮ್ಮನೆ ಕೂಡುವುದು, ಎಲ್ಲವನ್ನೂ ಒಪ್ಪಿಸಿದಳು. ಇವಳಿಗೆ ಬರುತ್ತದೆಯೇ ಎಂದು ಮರೆವ್ವನನ್ನು ತೋರಿಸಿದಾಗ ನಕ್ಕೂಬಿಟ್ಟಳು. ಮರೆವ್ವ ಸಿಂದಗಿ ಕಡೆಯ ಎರೆಹೊಲದ ಊರಿನವಳು. ಮದುವೆಯಾಗಿ ಬರುವ ತನಕ ಬಾವಿಯ ನೀರು ಬಿಟ್ಟರೆ ಬೇರೆ ನೀರು ನೋಡಿದವಳಲ್ಲ. ಸಾಹೇಬರು ಹಾಗೇ ಬರೆದುಕೊಂಡು ಹೋದರು. ಹುಟ್ಟು ಬಲ್ಲವಳು ನೀರಿನ ಮೇಲೆ, ಬಾರದವಳು ನೆಲದ ಮೇಲೆ.

"ನನ್ನ ಬಾಯೇ ನನಗ ವೈರಿ ಆತ್ರಿ," ಎನ್ನುತ್ತಾಳೆ ಶೆಟ್ಟೆವ್ವ. "ಬರಂಗಿಲ್ಲ ಅಂದಿದ್ರ ಇವತ್ತ ನಾ ಅಲ್ಲಿರ್ತಿದ್ದೆ. ಆದ್ರ ಹುಟ್ಟ ಬರಂಗಿಲ್ಲ ಅಂತ ಹ್ಯಾಂಗ ಹೇಳ್ಲಿ? ಬರತೈತೆಲ್ಲ."

ಸಂಜೆಯ ಪ್ರಯಾಣವೇ ಅವಳಿಗೆ ನರಕವಂತೆ. ಮರೆವ್ವ ಹರಗೋಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು, ಇವತ್ತು ಮೂಲೆಯ ಜಾಲಿಯಲ್ಲಿ ಮರಿ ಕಣ್ಣು ಬಿಟ್ಟಿತು, ಒಂದು ನನ್ನ ಕೈಯಿಂದಲೇ ಮೀನು ತಿಂದಿತು ಎಂದು ಮನೆ ಮುಟ್ಟುವ ತನಕ ಹೇಳುತ್ತಾಳಂತೆ. ಬೇಡ ಎನ್ನಲು ಶೆಟ್ಟೆವ್ವನಿಗೆ ಬಾಯಿ ಬರುವುದಿಲ್ಲ, ಕೇಳಲು ಮನಸ್ಸು ಬರುವುದಿಲ್ಲ. ಅಂಥ ರಾತ್ರಿ ತನಗೆ ರೊಟ್ಟಿ ಇಳಿಯುವುದಿಲ್ಲ ಎಂದು ಮರೆವ್ವ ಪಕ್ಕದಲ್ಲಿದ್ದಾಗಲೇ ಹೇಳಿದಳು. ಮರೆವ್ವ ಹೊಳೆಯ ಕಡೆ ನೋಡುತ್ತಾ ತುಟಿ ಕಚ್ಚಿಕೊಂಡಿದ್ದಳು.

ಉಪ್ಪಿನ ಕತೆಯೂ ಇದರದ್ದೇ. ಮೊದಲ ವರ್ಷ ಒಂದು ಸಂಜೆ ಮರೆವ್ವ ತಡ ಮಾಡಿದಳು. ಶೆಟ್ಟೆವ್ವ ಗಡ್ಡೆಯಿಂದ ಮಾರು ದೂರ ಹರಗೋಲು ನಿಲ್ಲಿಸಿಕೊಂಡು ಕಣ್ಣು ತುಂಬಾ ಗೂಡುಗಳನ್ನೇ ನೋಡುತ್ತಾ ಕೂತಿದ್ದಳು. ಎಲ್ಲಾ ಮರೆವ್ವನಿಗೇ ಆಯಿತಲ್ಲ ಎಂದು ಒಳಗೊಳಗೆ ಬೇಯುತ್ತಿದ್ದಳು. ಮರುದಿನ ಬಿರುಗಾಳಿ ಬೀಸಿತು. ಆ ಜಾಲಿಯ ಕೊಂಬೆ ಮುರಿದು ಗೂಡೆಲ್ಲ ನೆಲಕ್ಕೆ ಬಿದ್ದು ಮರಿಗಳು ಸತ್ತವು. ಯಾರೂ ಏನೂ ಅನ್ನಲಿಲ್ಲ. ಶೆಟ್ಟೆವ್ವನೇ ತನ್ನ ಕಣ್ಣು ಕೆಟ್ಟದ್ದು ಎಂದು ತೀರ್ಮಾನ ಮಾಡಿಕೊಂಡಳು. ಅವತ್ತಿನಿಂದ ಹೊರಡುವ ಮೊದಲು ಉಪ್ಪು ನಿವಾಳಿಸುತ್ತಾಳೆ, ಗಡ್ಡೆ ಹತ್ತಿರ ಬಂತೆಂದರೆ ಹರಗೋಲನ್ನು ಅರ್ಧ ಸುತ್ತು ತಿರುಗಿಸಿ ಅದಕ್ಕೆ ಬೆನ್ನು ಮಾಡಿ ಕೂಡುತ್ತಾಳೆ. ಗಾಳಿ ಪ್ರತಿ ವರ್ಷ ಬೀಸುವುದೇ ಅಲ್ಲವೇ ಎಂದೆ. "ಬೀಸತೈತ್ರಿ," ಅಂದಳು. "ಆದ್ರ ಹಿಂದಿನ ದಿನಾ ನಾ ನೋಡಿದ್ನೆಲ್ಲ."

ನಾವು ಹೊರಟೆವು. ಹರಗೋಲು ನೀರಿಗಿಳಿದ ಕೂಡಲೇ ನನ್ನ ಜೀವ ಬಾಯಿಗೆ ಬಂತು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಗಿರ್ರನೆ ತಿರುಗಿಬಿಡುವ ಹುನ್ನಾರದಲ್ಲೇ ಇರುತ್ತದೆ. ಶೆಟ್ಟೆವ್ವ ಮೊಣಕಾಲೂರಿ ಕೂತು ಹುಟ್ಟನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಎಳೆಯುತ್ತಾಳೆ. ಅಷ್ಟಕ್ಕೇ ಅದು ಹೇಳಿದ ಮಾತು ಕೇಳುವ ಎಮ್ಮೆಯಾಗಿಬಿಡುತ್ತದೆ. ನಡುವೆ ಸುಳಿ ಇರುವ ಕಡೆ ಹುಟ್ಟನ್ನು ನೀರಿನೊಳಗೇ ಒಂದಿಷ್ಟು ತಿರುವಿ ಹಿಡಿದಳು. ಹರಗೋಲು ಸುಳಿಯ ಅಂಚು ಸವರಿಕೊಂಡು ಆಚೆ ಬಂತು. ಮರೆವ್ವ ಆ ಕೈಯನ್ನೇ ನೋಡುತ್ತಿದ್ದಳು. ಹೆದರಿಕೆಗೆ ಹಾಗೆ ನೋಡುತ್ತಾಳೆ ಎಂದುಕೊಂಡೆ.

ಗಡ್ಡೆಯ ಹತ್ತಿರ ಬಂದಾಗ ಶೆಟ್ಟೆವ್ವ ಹೇಳಿದಂತೆಯೇ ಬೆನ್ನು ತಿರುಗಿಸಿದಳು. ಕಾವಲುಗಾರ ಶಂಕ್ರೆಪ್ಪ ಖಾಕಿ ಚಡ್ಡಿಯಲ್ಲಿ ನೀರಿಗಿಳಿದು ಪಾಸು ಕೇಳಿದ. ಇಬ್ಬರೆಂದು ಇದೆಯಲ್ಲ, ಇನ್ನೊಬ್ಬರು ಎಲ್ಲಿ ಎಂದ. ಆಚೆ ದಂಡೆಯ ಬಂಡೆಯನ್ನು ತೋರಿಸಿದೆ. ತೋರಿಸುತ್ತಿರುವಾಗಲೇ ನನಗೆ ಹೊಳೆಯಿತು. ಬಾಬುಲಾಲನ ಜಾಗ ಖಾಲಿ ಇದೆ, ಶೆಟ್ಟೆವ್ವ ಬರಲಿ ಎಂದೆ.

ಶಂಕ್ರೆಪ್ಪ ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದ. ಎರಡನೆಯವರ ಹೆಸರು ಅದರಲ್ಲಿ ಇರಲಿಲ್ಲ. "ಇಬ್ರು ಅಂತ ಐತಿ, ಇಬ್ರು ಬರ್ರಿ. ನಂದೇನ ತಕರಾರಿಲ್ಲ," ಅಂದ. "ಹರಗೋಲ ಮಾತ್ರ ದಂಡಿಗೆ ಹಚ್ಚಂಗಿಲ್ಲ, ಕಟ್ಟಂಗಿಲ್ಲ."

ಅಂದರೆ ಯಾರಾದರೂ ಹರಗೋಲನ್ನು ನೀರಿನ ಮೇಲೇ ಹಿಡಿದುಕೊಂಡಿರಬೇಕು. ನನ್ನಿಂದ ಆಗುವ ಮಾತಲ್ಲ. ಶಂಕ್ರೆಪ್ಪ ಗಡ್ಡೆ ಬಿಡುವಂತಿಲ್ಲ. ಮೂರು ವರ್ಷ ಕಾದ ಬಾಗಿಲು ತೆರೆದಿದೆ, ಒಳಗೆ ಹೋಗಲು ಹಾದಿಯಿಲ್ಲ. ಶೆಟ್ಟೆವ್ವನ ಮುಖದಲ್ಲಿ ಏರಿದ್ದ ರಂಗು ಇಳಿದುಹೋಯಿತು. ಇರಲಿ ಬಿಡಿ, ನೀವು ಹೋಗಿಬನ್ನಿ ಎಂದಳು.

ಆಗ ಮರೆವ್ವ ಬಾಯಿ ಬಿಟ್ಟಳು. "ನಾ ಹಿಡೀತೇನಿ ಕೊಡು."

ಶೆಟ್ಟೆವ್ವ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ನಿನಗೇನು ಬರುತ್ತದೆ ಎಂದು ಕೇಳಿದಳು. ಹರಗೋಲಿನ ಅಂಚು ಬಿಟ್ಟು ಕೂಡಲಾರದವಳು ನೀನು, ಸುಳಿಗೆ ಸಿಕ್ಕರೆ ನಾರಾಯಣಪುರದಲ್ಲಿ ನಿನ್ನ ಗಂಡನ ಮುಂದೆಯೇ ತೇಲುತ್ತೀ ಎಂದು ಒಂದೇ ಉಸುರಿಗೆ ಹೇಳಿದಳು. ಮರೆವ್ವ ಕೈ ಚಾಚಿದವಳು ಚಾಚಿಯೇ ಇದ್ದಳು.

"ದಿನಾ ನಿನ್ನ ಕೈ ನೋಡಕೋಂತನ ಬರ್ತೇನಿ ಯಕ್ಕಾ," ಅಂದಳು. "ಒಂದ ಸಲರೆ ಹಿಡಿ ಅಂದಿಯೇನ? ನೀ ಗಡ್ಡಿ ಗಡ್ಡಿ ಅಂತ ಸಾಯ್ತಿ. ಗಡ್ಡ್ಯಾಗ ನನಗೇನೈತಿ, ಹಿಕ್ಕಿ ಬಳಿಯೋದು. ಬಂದವರೆಲ್ಲ ನಿನ್ನ ಹರಗೋಲಿನ್ಯಾಗ ಕುಂತು ನಿನ್ನ ಹೆಸರ ಕೇಳ್ತಾರ. ನನ್ನ ಹೆಸರ ಯಾರ ಕೇಳ್ಯಾರ?"

ನಾನೂ ಕೇಳಿರಲಿಲ್ಲ. ಅವಳ ಹೆಸರು ನನಗೆ ಶೆಟ್ಟೆವ್ವ ಹೇಳಿ ಗೊತ್ತಿದ್ದದ್ದು.

ಶೆಟ್ಟೆವ್ವ ಹುಟ್ಟನ್ನು ಎದೆಗೆ ಒತ್ತಿಕೊಂಡಳು. ತನ್ನ ಮೇಲೆ ಹೊಟ್ಟೆಕಿಚ್ಚು ಪಡುವವರು ಮನೆಯೊಳಗೇ ಇದ್ದಾರೆ ಎಂಬುದು ಅವಳಿಗೆ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ಅದಕ್ಕಿಂತ ಕಷ್ಟದ್ದು ಹುಟ್ಟು ಕೊಡುವುದು. ಮಾವ ಬಿಟ್ಟುಹೋದ ಹುಟ್ಟು. ಗಂಡನ ಕೈಗೂ ಮನಸ್ಸಿಲ್ಲದೆ ಕೊಡುತ್ತಾಳೆ ಎಂದು ಊರಿನವರು ನಗುತ್ತಾರೆ. ಒಂದು ಕಡೆ ಗಡ್ಡೆ, ಒಂದು ಕಡೆ ಹುಟ್ಟು. ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಶಂಕ್ರೆಪ್ಪ ಬಿಸಿಲೇರುತ್ತದೆ, ಹೊತ್ತಾದರೆ ಬಿಡುವುದಿಲ್ಲ ಎಂದು ಅವಸರಪಡಿಸಿದ. ಅವಳು ಕೊನೆಗೆ ಹುಟ್ಟನ್ನು ಮರೆವ್ವನ ಮಡಿಲಿಗೆ ಇಟ್ಟಳು. ಇಟ್ಟ ಮೇಲೂ ಬೆರಳು ಬಿಡಿಸಲು ತುಸು ಹೊತ್ತು ಬೇಕಾಯಿತು. ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

ಗಡ್ಡೆಯ ವರ್ಣನೆ ಮಾಡಿಬಿಡುತ್ತೇನೆ, ಪಾಸು ಕೊಟ್ಟವರು ಅದಕ್ಕೇ ಕೊಟ್ಟದ್ದು. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಹೊಡೆಯುವುದು ಮೀನಿನ ನಾತ. ಆಮೇಲೆ ಕಿವಿ ಗಡಚಿಕ್ಕುವ ಗದ್ದಲ. ಜಾಲಿಯ ಮರಗಳೆಲ್ಲ ಹಿಕ್ಕೆಯಿಂದ ಸುಣ್ಣ ಹೊಡೆದಂತಾಗಿವೆ. ಒಂದೊಂದು ಮರಕ್ಕೂ ಎಣಿಸಲಾರದಷ್ಟು ಗೂಡು, ಗೂಡಿನ ತುಂಬಾ ಮರಿಗಳು ಬಾಯಿ ತೆರೆದು ಕೂತಿವೆ. ತಾಯಿ ಹಕ್ಕಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುತ್ತದೆ. ಗಂಡು ಹಕ್ಕಿ ಕೊಕ್ಕಿನಲ್ಲಿ ಕಡ್ಡಿ ತಂದು ಅತ್ತಿತ್ತ ಇಟ್ಟು ನೋಡಿ, ಹೆಂಡತಿಯ ಮನಸ್ಸಿಗೆ ಬಾರದಿದ್ದರೆ ಮತ್ತೆ ಎತ್ತಿಕೊಳ್ಳುತ್ತದೆ. ಒಂದು ಗೂಡು ನನ್ನ ತಲೆಯ ಮಟ್ಟಕ್ಕೇ ಇತ್ತು. ಅದರೊಳಗಿನ ಮರಿ ಪುಕ್ಕ ಬಾರದ ಕುತ್ತಿಗೆ ಉದ್ದ ಮಾಡಿ ನನ್ನನ್ನು ನೋಡಿತು. ನಿಜ ಹೇಳುತ್ತೇನೆ, ಹವಳವೂ ಬೇಡ, ನೀಲಿ ನೀರೂ ಬೇಡ ಅನ್ನಿಸಿತು.

ಶೆಟ್ಟೆವ್ವಾ, ಇಲ್ಲಿ ನೋಡು ಎಂದು ತಿರುಗಿದೆ. ಶೆಟ್ಟೆವ್ವ ಆ ಗೂಡಿನ ಕೆಳಗೇ ನಿಂತಿದ್ದಳು. ಮುಖ ಮಾತ್ರ ಹೊಳೆಯ ಕಡೆಗಿತ್ತು.

ನೀರಿನ ಮೇಲೆ ಹರಗೋಲು ಬುಗುರಿಯಾಗಿ ತಿರುಗುತ್ತಿತ್ತು. ಮರೆವ್ವ ಹುಟ್ಟನ್ನು ಒನಕೆ ಹಿಡಿದಂತೆ ಹಿಡಿದು ನೀರಿಗೆ ಕುಟ್ಟುತ್ತಿದ್ದಳು. ಇಲ್ಲಿಂದ ಶೆಟ್ಟೆವ್ವನ ಕೈ ತಾನಾಗಿಯೇ ಗಾಳಿಯಲ್ಲಿ ಎಡಕ್ಕೆ ಬಲಕ್ಕೆ ಎಳೆಯುತ್ತಿತ್ತು. ಎಳಿ, ಕುಟ್ಟಬ್ಯಾಡ, ಮೊಣಕಾಲು ಊರು ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಮರಿ ನೋಡು, ಹೊತ್ತಾಗುತ್ತದೆ ಎಂದೆ. ನೋಡುತ್ತೇನೆ ತಡೀರಿ ಎಂದಳು. ಹರಗೋಲು ಸೆಳವಿನ ಕಡೆಗೆ ಜಾರಿತು. ಶೆಟ್ಟೆವ್ವ ನೀರಿನ ಅಂಚಿನವರೆಗೆ ಓಡಿದಳು. ಅಷ್ಟರಲ್ಲಿ ಮರೆವ್ವ ಮೊಣಕಾಲೂರಿದಳು. ಹುಟ್ಟನ್ನು ನೀರೊಳಗೆ ಇಟ್ಟು ಒಂದಿಷ್ಟು ತಿರುವಿ ಹಿಡಿದಳು, ಬರುವಾಗ ಸುಳಿಯ ಹತ್ತಿರ ಶೆಟ್ಟೆವ್ವ ಹಿಡಿದಂತೆಯೇ. ತಿರುಗುವುದು ನಿಂತಿತು. ಹರಗೋಲು ಮೆಲ್ಲಗೆ, ಸೊಟ್ಟಸೊಟ್ಟಗೆ, ಗಡ್ಡೆಯ ಕಡೆಗೆ ಬರತೊಡಗಿತು. ಮಂಜು ಹರಿದು ನೀರಿನ ಮೇಲೆಲ್ಲ ಎಳೆ ಬಿಸಿಲು ಬಿದ್ದಿತ್ತು. ಮರೆವ್ವ ನಗುತ್ತಿದ್ದಳು. ಅವಳ ಹಲ್ಲು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

"ಬಂತ್ರಿ ಆಕಿಗೆ," ಅಂದಳು ಶೆಟ್ಟೆವ್ವ. ಮನೆಯಿಂದ ಏನೋ ಕಳುವಾದವರ ದನಿ ಅದು.

ಶಂಕ್ರೆಪ್ಪ ಹೊತ್ತಾಯಿತು ಎಂದು ಸೀಟಿ ಊದಿದ. ನಾನು ಶೆಟ್ಟೆವ್ವನ ಮುಖ ನೋಡಿದೆ. ಮೂರು ವರ್ಷ ಉಪ್ಪು ನಿವಾಳಿಸಿ, ರೊಟ್ಟಿ ಬಿಟ್ಟು, ಬೆಂದು ಬೆಂದು ಕಾದ ಗಡ್ಡೆಗೆ ಬಂದು ಅವಳು ಒಂದು ಗೂಡನ್ನೂ ನೋಡಲಿಲ್ಲ. ಕಣ್ಣು ತಾಗೀತೆಂದು ಹೆದರಿ ನೋಡಲಿಲ್ಲವೇ ಎಂದು ಕೇಳಿದೆ. ಕಣ್ಣಿನ ನೆನಪೂ ಬರಲಿಲ್ಲ, ಹಕ್ಕಿಯ ನೆನಪೂ ಬರಲಿಲ್ಲ, ಜೀವವೆಲ್ಲ ಹುಟ್ಟಿನ ಮೇಲೇ ಇತ್ತು ಎಂದಳು. ಇನ್ನೊಂದು ಕ್ಷಣ ನಿಂತು ಈಗಲಾದರೂ ನೋಡು ಎಂದೆ. ಆದರೆ ಅವಳು ಆಗಲೇ ನೀರಿಗಿಳಿದು ಹರಗೋಲಿನ ಅಂಚು ಹಿಡಿದಿದ್ದಳು.

ಮರೆವ್ವ ಕೇಳುವ ಮೊದಲೇ ಹುಟ್ಟು ಕೊಟ್ಟಳು. ಇಳಿದು ತನ್ನ ಪೊರಕೆಯ ಕಡೆಗೆ ನಡೆದಳು. ವಾಪಸು ಬರುವಾಗ ಶೆಟ್ಟೆವ್ವ ಮರಿ ಹೇಗಿತ್ತು, ಕುತ್ತಿಗೆ ಎಷ್ಟು ಉದ್ದ, ಕಣ್ಣು ಯಾವ ಬಣ್ಣ ಎಂದು ನನ್ನನ್ನು ಕೇಳಿದಳು. ಹೇಳಿದೆ. ಕೇಳಿದವಳು, ಮರೆವ್ವ ಇದನ್ನೇ ಇನ್ನೂ ಚೆಂದ ಹೇಳುತ್ತಾಳೆ ಎಂದಳು. ನನಗೆ ಅದೂ ಚುರುಕ್ಕೆಂದಿತು.

ದಂಡೆಯಲ್ಲಿ ಬಾಬುಲಾಲ ಕುಣಿಯುವುದೊಂದು ಬಾಕಿ. ಹೊಳೆಗೆ ಹೆದರಿ ಬಂಡೆಯ ಮೇಲೆ ಕೂತವನು ಸುಮ್ಮನೆ ಕೂತಿರಲಿಲ್ಲ. ಉದ್ದನೆಯ ಲೆನ್ಸಿನಲ್ಲಿ ಕಣ್ಣಿಟ್ಟು ನೋಡಿದರೆ ಕರಗುವ ಮಂಜು, ಎಳೆ ಬಿಸಿಲು, ನಡುನೀರಿನಲ್ಲಿ ಒಂಟಿ ಹರಗೋಲು, ಅದರಲ್ಲಿ ಹುಟ್ಟು ಹಿಡಿದು ನಗುವ ಹೆಂಗಸು. ತೆಗೆದೆ ಸಾಹೇಬರೇ, ಇಂಥದ್ದು ನನ್ನ ಜನ್ಮದಲ್ಲಿ ತೆಗೆದಿಲ್ಲ ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದ. ನನ್ನ ಎದೆಯೂ ಕುಣಿಯಿತು. ಆಮೇಲೆ ಶೆಟ್ಟೆವ್ವನನ್ನು ನೋಡಿದೆ.

ಅವಳಿಗೆ ಅರ್ಥವಾಗಿತ್ತು. ಹರಗೋಲನ್ನು ದಂಡೆಗೆ ಎಳೆಯುತ್ತಿದ್ದವಳು ಹಾಗೇ ಬಗ್ಗಿ ನಿಂತಳು. "ನಾ ಇಷ್ಟ ವರ್ಷ ಹುಟ್ಟ ಹಾಕಿದೆ, ಯಾರೂ ತಗೀಲಿಲ್ಲ. ಆಕಿ ಹಿಡದ ಕೂಡಲೆ ತಗದ್ರಿ," ಅಂದಳು. ಜಗಳದ ದನಿಯಲ್ಲ, ಅಳುವಿನದೂ ಅಲ್ಲ. ಬಾಬುಲಾಲ ಗಡಿಬಿಡಿಯಲ್ಲಿ, ಈಗ ನಿಲ್ಲವ್ವಾ, ನಿನ್ನದೂ ಒಂದು ತೆಗೆಯುತ್ತೇನೆ ಎಂದು ಕ್ಯಾಮೆರಾ ಎತ್ತಿದ. ಅವಳು ಕೈ ಅಡ್ಡ ಹಿಡಿದಳು. ನಿಲ್ಲಿಸಿ ತೆಗೆದರೆ ಅದು ತೆಗೆಸಿಕೊಂಡದ್ದಾಗುತ್ತದೆ, ಅಂಥದ್ದು ಜಾತ್ರೆಯಲ್ಲಿ ಯಾರು ಬೇಕಾದರೂ ತೆಗೆಸುತ್ತಾರೆ ಎಂದಳು.

ಆ ಚಿತ್ರ ಹಾಕುವುದಿಲ್ಲ ಎಂದು ಹೇಳಿದೆ. ಹೇಳುವಾಗ ಭಾನುವಾರದ ಮೊದಲ ಪುಟ ಕೈಯಿಂದ ಜಾರಿದಂತಾಯಿತು, ಮುಚ್ಚಿಡುವುದೇನು. ಶೆಟ್ಟೆವ್ವ ಒದ್ದೆ ತೊಗಲನ್ನು ಬಿಸಿಲಿಗೆ ಕವುಚಿ ಹಾಕಿದಳು, ಹುಟ್ಟನ್ನು ಸೆರಗಿನಿಂದ ಒರೆಸಿದಳು. ಚಿತ್ರದಲ್ಲಿ ಹರಗೋಲು ಚೆಂದ ಬಂದಿದೆಯೇ ಎಂದು ಬಾಬುಲಾಲನನ್ನು ಕೇಳಿದಳು. ಬಂದಿದೆ ಎಂದ. ಹುಟ್ಟು ಕಾಣುತ್ತದೆಯೇ ಎಂದಳು. ಕಾಣುತ್ತದೆ ಎಂದ. ಆಕೆ ನಗುತ್ತಿದ್ದಾಳೆಯೇ ಎಂದಳು. ಬಾಬುಲಾಲ ನನ್ನ ಮುಖ ನೋಡಿ, ಹೌದು ಎಂದ.

ಶೆಟ್ಟೆವ್ವ ಹುಟ್ಟನ್ನು ಇನ್ನೊಮ್ಮೆ ಒರೆಸಿ ಹರಗೋಲಿಗೆ ಆನಿಸಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಾಕ್ರಿ. ಖರೆ ಕೆಳಗ ಹಿಂಗ ಬರೀರಿ. ಹರಗೋಲು ಶೆಟ್ಟೆವ್ವಂದು. ಹುಟ್ಟೂ ಶೆಟ್ಟೆವ್ವಂದು. ಕುಂತಾಕಿ ಮರೆವ್ವ."